ಅವರ ಫೋನನ್ನು ಠಾಣೆಗೆ ಕೊಟ್ಟದ್ದು

ನನ್ನ ಗಂಡನನ್ನು ಮಣ್ಣು ಮಾಡಿದ ನಾಲ್ಕನೆಯ ದಿನ ಅವರ ಫೋನು ರಿಂಗಾಯಿತು. ಹಿಂದಿನ ದಿನ ಹಾಲು ತುಪ್ಪ ಬಿಟ್ಟು ಬಂದಿದ್ದೆವು. ನೆಂಟರಲ್ಲಿ ಅರ್ಧ ಜನ ಊರಿಗೆ ಹೋಗಿದ್ದರು, ಉಳಿದವರು ನಡುಮನೆಯಲ್ಲಿ ಒರಗಿಕೊಂಡಿದ್ದರು. ಟೀವಿಯ ಪಕ್ಕದಲ್ಲಿ ಚಾರ್ಜಿಗೆ ಹಾಕಿದ್ದ ಫೋನನ್ನು ಯಾರೂ ಮುಟ್ಟಿರಲಿಲ್ಲ. ಅವರದು ಹೊಳೆನರಸೀಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಪಂಪಿನ ಮೋಟಾರು ರಿಪೇರಿಗೆ ಕೊಟ್ಟ ಯಾರೋ ಇರಬೇಕು ಎಂದುಕೊಂಡು ಎತ್ತಿದೆ.

"ಹಲೋ, ಅಣ್ಣ ಅವ್ರಾ?" ಒಬ್ಬ ಹೆಂಗಸಿನ ದನಿ.

"ಅವರಿಲ್ಲ. ಯಾರು?"

"ಅಕ್ಕ, ನಾನು ಚನ್ರಾಯಪಟ್ಣದಿಂದ. ನಮ್ ಪಾಪುಂದು ಶೂಟಿಂಗ್ ಯಾವಾಗ್ ಅಂತ ಕೇಳಣ ಅಂತ ಮಾಡ್ದೆ. ಆ ಮೇಡಮ್ಮು ಫೋನೇ ಎತ್ತಾ ಇಲ್ಲ. ಅಣ್ಣ ಬಂದ್ಮೇಲೆ ಒಂದ್ ಫೋನ್ ಮಾಡಕ್ಕೇಳ್ತೀರಾ?"

"ಹೇಳ್ತೀನಿ" ಎಂದೆ.

ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಅವರು ತೀರಿಕೊಂಡರು ಎಂಬ ಮಾತನ್ನು ಅಲ್ಲಿಯತನಕ ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಬೇರೆಯವರೇ ಎಲ್ಲರಿಗೂ ಹೇಳಿದ್ದರು. ಆ ಹೆಂಗಸು "ಸರಿ ಅಕ್ಕ, ಕಾಯ್ತಿರ್ತೀನಿ" ಎಂದು ಇಟ್ಟಳು. 

ಇದು ಶುರುವಾದದ್ದು ಸಂಕ್ರಾಂತಿ ಕಳೆದ ಮೇಲೆ. ಮಗಳು ಆಗ ಬಿಕಾಂ ಮೊದಲ ವರ್ಷ. ರೇಷ್ಮೆ ಸೀರೆಯ ಜಾಹೀರಾತಿಗೆ ಹಾಸನ ಜಿಲ್ಲೆಯ ಹೊಸ ಮುಖಗಳು ಬೇಕಾಗಿವೆ ಎಂದು ಅವಳ ಫೋನಿಗೆ ಬಂದಿತ್ತು. ಹಾಸನದ ಒಂದು ಹೋಟೆಲಿನ ಮೇಲಿನ ಹಾಲಿನಲ್ಲಿ ಆಡಿಷನ್ ಎಂದಿದ್ದರು. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುವವಳು. ಆಡಿಷನ್ನಿಗೆಂದು ಅವಳಿಗೆ ತಿಳಿಹಸಿರು ಬ್ಲೌಸನ್ನು ಎರಡು ಸಲ ಬಿಚ್ಚಿ ಹೊಲಿದುಕೊಟ್ಟೆ. ಅಪ್ಪ ಮಗಳು ಬೆಳಗಿನ ಬಸ್ಸಿಗೆ ಹೋದರು. ಹಾಲಿನಲ್ಲಿ ನೂರಾರು ಜನವಂತೆ. ಎದೆಗೆ ನಂಬರು ಚುಚ್ಚಿ, ಕೆಂಪು ಜಮಖಾನದ ಮೇಲೆ ಒಂದು ಸಲ ನಡೆಸಿ, ಹೆಸರು ಬರೆದುಕೊಂಡು ಕಳಿಸಿದರಂತೆ. ಇವರು ವಾಪಸು ಬರುತ್ತಾ ಬಸ್ಸಿನಲ್ಲಿದ್ದಾಗಲೇ ಆಯ್ಕೆಯಾಗಿದೆ ಎಂದು ಫೋನು ಬಂತು.

ಆಮೇಲೆ ನೋಂದಣಿಗೆ ಎಂದು ಸ್ವಲ್ಪ, ಫೋಟೋ ಆಲ್ಬಮ್ಮಿಗೆ ಎಂದು ಸ್ವಲ್ಪ, ನಡೆಯಲು ನಗಲು ಕಲಿಸುವ ಕ್ಲಾಸಿಗೆ ಎಂದು ಸ್ವಲ್ಪ ಕಟ್ಟಿದರು. ಇನ್ನೂ ಬಾಕಿ ಇತ್ತು. ಫೋಟೋ ತೆಗೆಸಲು ಬೆಂಗಳೂರಿಗೆ ಕರೆದಿದ್ದರು. ಅಲ್ಲಿ ಛಾಯಾಗ್ರಾಹಕ ಮಗಳ ಫೋಟೋ ಮುಗಿಸಿ, "ಅಂಕಲ್, ನೀವೂ ಒಂದು ಕೂತ್ಕೊಳ್ಳಿ, ಫ್ರೀ" ಎಂದನಂತೆ. ನಮ್ಮ ಯಜಮಾನರು ಕೈಗೆ ಗ್ರೀಸು ಅಂಟಿಕೊಂಡೇ ಇರುವ ಮನುಷ್ಯ. ಆ ಫೋಟೋದಲ್ಲಿ ಮಾತ್ರ ಒಬ್ಬ ಮೇಷ್ಟ್ರ ಹಾಗೆ ಕಾಣುತ್ತಾರೆ. ಗೋಡೆಯ ಮೇಲೆ ಈಗ ಹಾರ ಹಾಕಿರುವುದು ಅದಕ್ಕೇ. ಅಷ್ಟು ಚೆನ್ನಾದ ಫೋಟೋ ನಮ್ಮ ಹತ್ತಿರ ಬೇರೆ ಇರಲಿಲ್ಲ.

ನಮ್ಮೂರಲ್ಲಿ ಏನೇ ಆದರೂ ಫ್ಲೆಕ್ಸ್ ಹಾಕಿಸುತ್ತಾರೆ. ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ಬಂದರೆ, ಮಿಲಿಟರಿಗೆ ಆಯ್ಕೆಯಾದರೆ, ಮಗುವಿಗೆ ಒಂದು ವರ್ಷ ತುಂಬಿದರೆ ಬಸ್ ಸ್ಟ್ಯಾಂಡಿನ ಸರ್ಕಲ್ಲಿನಲ್ಲಿ ಮುಖ ಬೀಳಲೇಬೇಕು. ಇವರೂ ಹಾಕಿಸಿದರು. 'ಮಾಡೆಲಿಂಗ್ ಕ್ಷೇತ್ರಕ್ಕೆ ಆಯ್ಕೆಯಾದ ಹೊಳೆನರಸೀಪುರದ ಹೆಮ್ಮೆಯ ಪುತ್ರಿಗೆ ಅಭಿನಂದನೆಗಳು' ಎಂದು ದೊಡ್ಡ ಅಕ್ಷರ, ಹಸಿರು ಬ್ಲೌಸಿನ ಮಗಳು, ಒಂದು ಮೂಲೆಯಲ್ಲಿ ಆ ಏಜೆನ್ಸಿಯ ಗುರುತು, ಕೆಳಗೆ ಶುಭ ಕೋರುವವರು ಎಂದು ಇವರ ಫೋಟೋ. ಅಂಗಡಿಯ ಹೆಸರೂ ಫೋನ್ ನಂಬರೂ ಇದ್ದವು.

ಸಾಲಗಾಮೆ ಕಡೆಯ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಮೈದುನ ಅದನ್ನು ನೋಡಿ ನೇರ ಮನೆಗೆ ಬಂದ. "ಎಮ್ಮೆಲ್ಲೆ ಟಿಕೆಟ್ ಸಿಕ್ದಂಗೆ ಆಕ್ಸವ್ನಲ್ಲ ಅತ್ತಿಗೆ ನಮ್ಮಣ್ಣ. ಕೆಳ್ಗಡೆ ವೈಂಡಿಂಗ್ ಅಂಗ್ಡಿ ನಂಬರ್ ಬೇರೆ. ಮಗಳ್ನ ನೋಡ್ಬುಟ್ಟು ಜನ ಮೋಟಾರ್ ಎತ್ಕಂಡ್ ಬತ್ತಾರಾ?"

ಇವರು ಒಳಗಿನಿಂದ, "ಬರ್ಲಿ ಬುಡ್ಲಾ, ಎಲ್ಡೂ ಆಯ್ತದೆ" ಎಂದರು.

ಎರಡೂ ಆಯಿತು. ಅರಕಲಗೂಡಿನ ಕಡೆಯಿಂದ ಆಲೂಗಡ್ಡೆ ಬೆಳೆಯುವ ಒಬ್ಬರು ಸುಟ್ಟುಹೋದ ಮೋಟಾರು ತಂದವರು ಸರ್ಕಲ್ಲಿನಲ್ಲಿ ಫ್ಲೆಕ್ಸ್ ನೋಡಿದರು. ಅವರ ಮಗ ಜಿಮ್ಮಿಗೆ ಹೋಗಿ ತೋಳು ಬೆಳೆಸಿಕೊಂಡು ಮನೆಯಲ್ಲಿದ್ದನಂತೆ. ಚನ್ನರಾಯಪಟ್ಟಣದ ಹೆಂಗಸು ತವರಿಗೆ ಹೋಗುವಾಗ ಸರ್ಕಲ್ಲಿನಲ್ಲಿ ಬಸ್ಸು ನಿಂತಾಗ ನಂಬರು ಬರೆದುಕೊಂಡಿದ್ದಳು. ಅವಳು ಶ್ರವಣಬೆಳಗೊಳದಲ್ಲಿ ಬೆಟ್ಟದ ಕೆಳಗೆ ಯಾತ್ರಿಕರಿಗೆ ಬಳೆ, ಆಟದ ಸಾಮಾನು ಮಾರುವವಳು. ಅವಳಿಗೆ ಆರು ವರ್ಷದ ಹೆಣ್ಣುಮಗು. ಇಬ್ಬರ ಜೊತೆಗೂ ನಮ್ಮವರು ಅರ್ಧರ್ಧ ಗಂಟೆ ಮಾತಾಡಿದ್ದನ್ನು ನಾನು ಕೇಳಿದ್ದೇನೆ. "ಧೈರ್ಯವಾಗ್ ಕಟ್ಟಿ ತಾಯಿ. ನಮ್ ಮಗಳದ್ದೇ ಆಗೈತಲ್ಲ. ನಾನಿದೀನಿ" ಎನ್ನುತ್ತಿದ್ದರು. ನಾನು ಅಲ್ಲೇ ಮಿಷನ್ನಿನ ಮುಂದೆ ಕೂತು ಗುಂಡಿಮನೆ ಹೊಲಿಯುತ್ತಿದ್ದೆ. ಏನೂ ಅನ್ನಲಿಲ್ಲ. ನನಗೂ ಹೆಮ್ಮೆಯಾಗಿತ್ತು.

ಯುಗಾದಿಯ ನಂತರ ಶೂಟಿಂಗ್ ಎಂದಿದ್ದರು. ಯುಗಾದಿ ಬಂತು, ಹೋಯಿತು. ಒಂದು ಶುಕ್ರವಾರ ನಮ್ಮವರು ತಾಮ್ರದ ತಂತಿ ತರಬೇಕು ಎಂದು ಬೆಂಗಳೂರಿಗೆ ಹೋದರು. ವಾಪಸು ಬಂದಾಗ ಕೈಯಲ್ಲಿ ತಂತಿ ಇರಲಿಲ್ಲ. ರೇಟು ಜಾಸ್ತಿ ಎಂದರು. ಅಂದಿನಿಂದ ಅನ್ನ ಕಲಸಿ ಹಾಗೇ ಕೂರುತ್ತಿದ್ದರು. ಕೇಳಿದರೆ ಗ್ಯಾಸ್ಟ್ರಿಕ್ ಎನ್ನುತ್ತಿದ್ದರು. ಹನ್ನೆರಡು ದಿನಕ್ಕೆ, ಅಂಗಡಿಯಲ್ಲಿ ಒಂದು ಮೋಟಾರು ಬಿಚ್ಚಿಕೊಂಡು ಕೂತಿದ್ದವರು ಹಾಗೇ ವಾಲಿಕೊಂಡರಂತೆ. ಪಕ್ಕದ ಸೈಕಲ್ ಅಂಗಡಿಯವರು ಆಟೋದಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದರು. ನಾನು ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಅಂಗಡಿ ಬೀದಿಯ ಗೆಳೆಯರು ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿಸಿದರು. ಮಗಳ ಫ್ಲೆಕ್ಸ್ ಇನ್ನೂ ಸರ್ಕಲ್ಲಿನಲ್ಲಿ ಇತ್ತು. ಅದೇ ಕಂಬಗಳಿಗೆ, ಅದರ ಕೆಳಗೆ ಇದನ್ನು ಕಟ್ಟಿದರು. ಎರಡರಲ್ಲೂ ಅವರದು ಅದೇ ಫೋಟೋ.

ಆರನೆಯ ದಿನ ಅರಕಲಗೂಡಿನವರು ಬಂದರು. ಕಪ್ಪು ಟವೆಲನ್ನು ಹೆಗಲಿಗೆ ಹಾಕಿಕೊಂಡು ಜಗಲಿಯ ಮೇಲೆ ಕೂತರು. ಆಮೇಲೆ ನೆಂಟರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು.

"ಇಂಥ ಒತ್ನಲ್ಲಿ ಕೇಳ್ಬಾರ್ದು ಕಣಮ್ಮ. ಕೇಳ್ದೆ ಇದ್ರೆ ನಂಗೆ ಊಟ ಸೇರಾಕಿಲ್ಲ. ನಮ್ ಉಡ್ಗುಂದು ದುಡ್ಡು ಎಲ್ಲೋಯ್ತು?"

"ನನಗೆ ಗೊತ್ತಿಲ್ಲ. ಅವರು ನನಗೇನೂ ಹೇಳಿಲ್ಲ."

"ನಿಮ್ ಯಜಮಾನ್ರು ಕಟ್ಟು ಅಂದ್ರು, ಕಟ್ದೆ. ಮೇಡಮ್ಮು ಯಾರು, ಆಫೀಸು ಎಲ್ಲಿ, ನಾ ಕಂಡಿಲ್ಲ. ನಾ ಕಂಡಿರಾದು ನಿಮ್ ಯಜಮಾನ್ರ ಮಕ."

ಅವರು ಎದ್ದರು. ಸಾವಿನ ಮನೆಯಿಂದ ಹೊರಡುವವರು ಹೋಗಿ ಬರುತ್ತೇನೆ ಎನ್ನುವುದಿಲ್ಲ. ಸುಮ್ಮನೆ ಎದ್ದು ಹೋಗುವುದು ನಮ್ಮ ಕಡೆಯ ಪದ್ಧತಿ. ಮಕ್ಕಳಿಗೂ ಅದು ಗೊತ್ತು. ಅವರು ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲ ಮೇಲೆ ನಿಂತು, ನನ್ನ ಮುಖ ನೋಡಿ ಹೇಳಿದರು.

"ಬತ್ತೀನಿ ಕಣಮ್ಮ."

ಒಳಗಿದ್ದ ನಮ್ಮ ಚಿಕ್ಕತ್ತೆ ಅದನ್ನು ಕೇಳಿಸಿಕೊಂಡು ಎದ್ದು ಕೂತರು. "ಅದ್ಯಾವನೇ ಅವ್ನು? ಸೂತ್ಕುದ್ ಮನೇಲಿ ಬತ್ತೀನಿ ಅಂತಾನಲ್ಲ" ಎಂದರು. ಯಾರೋ ಮೋಟಾರಿನವರು ಎಂದೆ. ಅಂದಿನಿಂದ ಬಾಗಿಲ ಬಳಿ ಚಪ್ಪಲಿ ಬಿಡುವ ಸದ್ದಾದರೂ ಸಾಕು, ಅಡುಗೆಮನೆಗೆ ಸರಿಯುತ್ತಿದ್ದೆ.

ಫೋನನ್ನು ಅಕ್ಕಿಡಬ್ಬದೊಳಗೆ ಬಟ್ಟೆ ಸುತ್ತಿ ಇಟ್ಟೆ. ಆಫ್ ಮಾಡಲು ಹೆದರಿಕೆ. ಆಫ್ ಮಾಡಿದರೆ ಗಂಡ ಸತ್ತ ಮೇಲೆ ಹೆಂಡತಿ ತಲೆಮರೆಸಿಕೊಂಡಳು ಎನ್ನುತ್ತಾರೆ. ಆನ್ ಇಡಲೂ ಹೆದರಿಕೆ. ಸದ್ದು ಬರದ ಹಾಗೆ ಮಗಳು ಅದೇನೋ ಮಾಡಿದ್ದಳು. ಆದರೂ ಕರೆ ಬಂದಾಗ ಅಕ್ಕಿಯೊಳಗೆ ಅದು ಅದುರುವುದು ಅಡುಗೆಮನೆಯಲ್ಲಿ ಕೇಳುತ್ತಿತ್ತು, ಇಲಿ ಕೆರೆದ ಹಾಗೆ. ದಿನಕ್ಕೊಮ್ಮೆ ತೆಗೆದು ಚಾರ್ಜು ಮಾಡಿ ಮತ್ತೆ ಹೂತಿಡುತ್ತಿದ್ದೆ. ಒಳಗೆ ಏನಿದೆ ಎಂದು ನೋಡುತ್ತಿರಲಿಲ್ಲ. ಅವರು ಮೋಸ ಹೋದವರು ಎಂದು ನನ್ನ ಮನಸ್ಸು ಹೇಳುತ್ತಿತ್ತು. ಅಲ್ಲ ಎಂದು ಆ ಫೋನು ಹೇಳಿಬಿಟ್ಟರೆ? ಇಪ್ಪತ್ತು ವರ್ಷ ಜೊತೆಯಲ್ಲಿ ಬಾಳಿದವರನ್ನು ನಾನು ಮತ್ತೆ ಹೊಸದಾಗಿ ಕಳೆದುಕೊಳ್ಳಬೇಕಾಗುತ್ತದೆ.

ತಿಥಿ ಮುಗಿದ ವಾರಕ್ಕೆ, ಫೋನನ್ನು ಚಾರ್ಜಿಗೆ ಹಾಕಿದ್ದಾಗ ಒಂದು ಕರೆ ಬಂತು, ಎತ್ತಿದೆ. ಗಂಡಸಿನ ದನಿ, ಬೆಂಗಳೂರಿನ ನಯವಾದ ಕನ್ನಡ. ನಮ್ಮವರ ಪೂರ್ತಿ ಹೆಸರು ಹೇಳಿದ, ಕಟ್ಟಿದ ಮೊತ್ತ ಹೇಳಿದ. ನಿಮ್ಮ ಹಣ ವಾಪಸು ಬರುವುದಿದೆ ಮೇಡಂ, ಅದಕ್ಕೊಂದು ಸಣ್ಣ ಫೀಸು ಕಟ್ಟಬೇಕು ಎಂದ. ಹಣ ವಾಪಸು ಎಂದ ಕೂಡಲೇ ಅರಕಲಗೂಡಿನವರ ಕಪ್ಪು ಟವೆಲು ನನ್ನ ಕಣ್ಣ ಮುಂದೆ ಬಂತು. ಅವರ ದುಡ್ಡು ಕೊಟ್ಟುಬಿಡಬಹುದು, ಬಾಗಿಲು ತೆರೆದಿಟ್ಟುಕೊಂಡು ಕೂರಬಹುದು ಅನ್ನಿಸಿತು. ಆದರೂ ಮೊದಲು, ನಮ್ಮವರು ತೀರಿಕೊಂಡಿದ್ದಾರೆ ಎಂದೆ. 

"ಅಯ್ಯೋ, ಸಾರಿ ಮೇಡಂ. ಹಾಗಾದ್ರೆ ನೀವೇ ಕಟ್ಟಿಬಿಡಿ."

"ನಾನು ಪೊಲೀಸ್ನೋರನ್ನ ಕೇಳಿ ಹೇಳ್ತೀನಿ" ಎಂದೆ. ಧೈರ್ಯದಿಂದ ಹೇಳಿದ್ದಲ್ಲ. ಏನು ಹೇಳಬೇಕೋ ತೋಚದೆ ಬಾಯಿಗೆ ಬಂದದ್ದು.

ಅವನ ದನಿ ಏರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ಕೇಳಿ ಮೇಡಂ, ತೊಂದ್ರೆ ಇಲ್ಲ. ನಮ್ಮ ಪೇಪರಲ್ಲಿ ಹಾಸನ ಜಿಲ್ಲೆಗೆ ಕೋಆರ್ಡಿನೇಟರ್ ನಿಮ್ಮ ಹಸ್ಬೆಂಡೇ. ಸೈನ್ ಮಾಡಿದಾರೆ. ಜನ ತಂದಿದ್ದು ಅವ್ರು. ಮತ್ತೆ ನಿಮ್ಮ ಮಗಳ ಫೋಟೋಗಳು ನಮ್ಮ ಹತ್ರ ಸೇಫಾಗಿವೆ. ಯೋಚನೆ ಮಾಡಿ" ಎಂದು ಇಟ್ಟ.

ಸೇಫಾಗಿವೆ ಎಂಬ ಮಾತನ್ನು ನಾನು ಮಗಳಿಗೆ ಹೇಳಲಿಲ್ಲ. ಆದರೆ ಅವಳು ಪಕ್ಕದಲ್ಲೇ ನಿಂತಿದ್ದಳು. ಮಾರನೆಯ ದಿನದಿಂದ ಕಾಲೇಜಿಗೆ ಹೋಗುವುದಿಲ್ಲ ಎಂದು ಕೂತಳು. ತನ್ನ ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಅಳಿಸಿದಳು, ಅಪ್ಪನ ಜೊತೆ ತೆಗೆಸಿಕೊಂಡವನ್ನೂ ಬಿಡಲಿಲ್ಲ. "ಅವರು ನನ್ ಮುಖಾನ ಯಾವುದಕ್ಕೆ ಅಂಟಿಸ್ತಾರೋ ಗೊತ್ತಿಲ್ಲಮ್ಮ. ಈಗ ಏನು ಬೇಕಾದ್ರೂ ಮಾಡಬಹುದು" ಎಂದಳು. ಹಸಿರು ಬ್ಲೌಸನ್ನು ನನ್ನ ಕೈಗೆ ಕೊಟ್ಟು ಬಿಚ್ಚಿಬಿಡು ಎಂದಳು. ಕೂತು ಹೊಲಿಗೆಯನ್ನೆಲ್ಲ ಬಿಚ್ಚಿದೆ.

ಮೈದುನನನ್ನು ಕರೆಸಿ ಎಲ್ಲವನ್ನೂ ಹೇಳಿದೆ. ಅವನು ತಲೆ ಮೇಲೆ ಕೈ ಹೊತ್ತು ಕೂತ.

"ಠಾಣೆ ಗೀಣೆ ಬ್ಯಾಡ ಅತ್ತಿಗೆ. ನಮ್ಮಣ್ಣ ಮಣ್ಣಲ್ಲಿ ಮಲ್ಗವ್ನೆ. ಅವ್ನ ಎಬ್ಬುಸ್ಕಂಡೋಗಿ ಕಟಕಟೇಲಿ ನಿಲ್ಲುಸ್ತೀಯಾ? ಕಳ್ಳುರ್ ಪಟ್ಟಿಲಿ ಅವ್ನೆಸ್ರು ಮೊದ್ಲು ಬತ್ತದೆ. ನಾಳೀಕೆ ಈ ಕೂಸ್ನ ಕೇಳ್ಕಂಡು ಯಾರ್ ಬತ್ತಾರೆ?"

"ಆ ಚನ್ನರಾಯಪಟ್ಟಣದವಳು ದಿನಾ ಫೋನ್ ಮಾಡ್ತಾಳೆ ಕಣಪ್ಪ."

"ಎತ್ಬ್ಯಾಡ."

"ಅವಳಿಗೆ ಇವರು ಸತ್ತಿರೋದೇ ಗೊತ್ತಿಲ್ಲ."

ಅವನು ನನ್ನನ್ನು ನೋಡಿದ. ಹೊರಗೆ ಹೋಗಿ ಬೈಕಿನ ಮೇಲೆ ಕೂತ.

ಅಂದು ಮಧ್ಯಾಹ್ನ ಊಟವಾದ ಮೇಲೆ ಫೋನನ್ನು ಅಕ್ಕಿಯಿಂದ ತೆಗೆದೆ. ಬೀಗ ತೆಗೆಯಲು ಪರದೆಯ ಮೇಲೆ ಎಳೆಯುವ ಗೀಟು ಮಗಳಿಗೆ ಗೊತ್ತಿತ್ತು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತೆವು. 

ಮೊದಲು ಆ ಮೇಡಂ ಎಂಬುವಳ ಮಾತುಗಳು. ನೀವು ಒಂದು ಕುಟುಂಬ ಕಳಿಸಿದರೆ ಮಗಳ ಬಾಕಿಯಲ್ಲಿ ಐದು ಸಾವಿರ ಕಡಿಮೆ ಮಾಡುತ್ತೇವೆ ಎಂದು ಅವಳು ಬರೆದಿದ್ದಳು. ಇವರು ಕೈಮುಗಿದ ಗುರುತು ಹಾಕಿ 'ಆಗಲಿ ಮೇಡಂ' ಎಂದಿದ್ದರು. ಅರಕಲಗೂಡಿನವರು ಸೇರಿದಾಗ ಐದು ಕಡಿಮೆಯಾಗಿತ್ತು, ಚನ್ನರಾಯಪಟ್ಟಣದವಳು ಸೇರಿದಾಗ ಇನ್ನೈದು. ಯಾವುದೋ ಫಾರಂ ಕಳಿಸಿ ಸಹಿ ಹಾಕಿ ಎಂದಿದ್ದರು. ಇವರು ಹಾಕಿ ಕಳಿಸಿದ್ದರು. ಇಂಗ್ಲಿಷಿನ ಫಾರಂ. ಇವರಿಗೆ ಓದಲು ಬಂದಿರಲಾರದು. ಮಗಳಿಗೆ ಬರುತ್ತಿತ್ತು, ಅವಳನ್ನು ಕೇಳಿರಲಿಲ್ಲ.

ಆಮೇಲೆ ಆ ಶುಕ್ರವಾರ. ಒಂದು ಫೋಟೋ ಇತ್ತು. ಮುಚ್ಚಿದ ಷಟರು, ಅದರ ಮೇಲೆ ಬಾಡಿಗೆಗೆ ಇದೆ ಎಂಬ ಚೀಟಿ. ಕೆಳಗೆ ಇವರು ಬರೆದಿದ್ದರು. 'ಮೇಡಂ ಎಲ್ಲಿದೀರ. ಬಾಗಿಲು ಹಾಕಿದೆ. ನನ್ನ ನಂಬಿ ಬಂದೋರು ಇದಾರೆ ಮೇಡಂ.' ಉತ್ತರ ಇರಲಿಲ್ಲ. ತಿರುಗಿ ಹನ್ನೊಂದು ಸಲ ಕರೆ ಮಾಡಿದ್ದರು.

ನಾನು ಅತ್ತುಬಿಟ್ಟೆ. ಭಯದ ನಡುವೆಯೂ ಒಂದು ಸಮಾಧಾನ ಬಂದಿತ್ತು. ಇವರು ಕಳ್ಳರಲ್ಲ. ಇದನ್ನು ತೋರಿಸಿದರೆ ಯಾರಾದರೂ ಒಪ್ಪುತ್ತಾರೆ.

"ಅಮ್ಮ, ಇಲ್ಲಿ ನೋಡು" ಎಂದಳು ಮಗಳು. ಚನ್ನರಾಯಪಟ್ಟಣದ ಹೆಂಗಸಿನ ಜೊತೆಗಿನ ಮಾತುಗಳನ್ನು ತೆರೆದಿದ್ದಳು. ಕೊನೆಯದು ಆ ಶುಕ್ರವಾರ ಕಳೆದು ಬಂದ ಸೋಮವಾರದ್ದು. 'ಅಣ್ಣ ಕೊನೇ ಕಂತು ಇವತ್ತು ಕಟ್ಟಿದೆ' ಎಂದು ಅವಳು ಹಾಕಿದ್ದಳು. ಇವರು ಏನೂ ಬರೆದಿರಲಿಲ್ಲ. ಆದರೆ ಕೆಳಗೆ, ಬರೆಯುವ ಜಾಗದಲ್ಲಿ, ಬರೆದು ಕಳಿಸದೆ ಬಿಟ್ಟ ಒಂದು ಮಾತು ಹಾಗೇ ಉಳಿದಿತ್ತು.

'ತಾಯಿ ಇನ್ನು ದುಡ್ಡು ಕಟ್ಟಬೇಡಿ. ನಾನು ಹೋಗಿ ನೋಡಿ ಬಂದೆ. ಆಫೀಸು'

ಅಷ್ಟೇ. ಆಫೀಸು ಎಂಬಲ್ಲಿಗೆ ನಿಂತಿತ್ತು.

ನಾನು ಅದನ್ನು ಎಷ್ಟು ಸಲ ಓದಿದೆನೋ. ಕೊನೆಯ ಕಂತು ಕಟ್ಟಿಯಾದ ಮೇಲೆ ಯಾರಾದರೂ ಇನ್ನು ಕಟ್ಟಬೇಡಿ ಎಂದು ಬರೆಯುತ್ತಾರೆಯೇ? ಸೋಮವಾರಕ್ಕೆ ಮುಂಚೆಯೇ ಬರೆದಿರಬೇಕು. ಬರೆದು, ಕಳಿಸಲು ಆಗದೆ, ಇಟ್ಟುಕೊಂಡರು. ಷಟರು ನೋಡಿ ಬಂದ ಮೇಲೂ ಆ ಹೆಂಗಸು ಕಟ್ಟುವಾಗ ಸುಮ್ಮನಿದ್ದರು. ಯಾಕೆ ಎಂದು ನನಗೆ ಗೊತ್ತು. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಇತ್ತು. ದಿನಾ ಅದರ ಕೆಳಗೇ ಅಂಗಡಿಗೆ ಹೋಗುತ್ತಿದ್ದರು. ಆ ಮೇಡಂ ವಾಪಸು ಕರೆ ಮಾಡಿಯಾಳು, ಎಲ್ಲ ಸರಿಹೋದೀತು ಎಂದು ಇನ್ನೊಂದು ದಿನ, ಇನ್ನೊಂದು ದಿನ ಎಂದು ಕಾದರು.

"ಇದು ಬೇರೆ ಯಾರ ಫೋನಲ್ಲೂ ಇಲ್ಲಮ್ಮ" ಎಂದಳು ಮಗಳು. "ಮಿಕ್ಕಿದ್ದೆಲ್ಲ ಆ ಕಡೆಯವರ ಹತ್ರಾನೂ ಇರುತ್ತೆ. ಇದು ಇರೋದು ಇಲ್ಲಿ ಮಾತ್ರ. ಅಳಿಸಿದ್ರೆ ಹೋಗುತ್ತೆ."

ಅವಳ ಬೆರಳು ಅಲ್ಲೇ ಇತ್ತು. ಅಳಿಸು ಎಂದರೆ ಅಳಿಸುತ್ತಿದ್ದಳು. ಷಟರಿನ ಫೋಟೋವನ್ನು ಮಾತ್ರ ಇಟ್ಟುಕೊಂಡು ಹೋದರೆ ಅವರ ಹೆಸರು ಉಳಿಯುತ್ತಿತ್ತು. ಆದರೆ ಅವರು ಬರೆದ ಕೊನೆಯ ಮಾತು ಅದೇ. ಅದಾದ ಮೇಲೆ ಅವರು ಯಾರಿಗೂ ಏನೂ ಬರೆದಿಲ್ಲ. ಅಳಿಸಿದರೆ ಅವರಿಗೆ ಎಚ್ಚರಿಸುವ ಮನಸ್ಸಿತ್ತು ಎಂಬುದೂ ಹೋಗುತ್ತದೆ. ಇಟ್ಟರೆ, ಎಚ್ಚರಿಸಲಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ.

"ಬಿಡು" ಎಂದೆ.

"ಅಪ್ಪನ ಮೇಲೆ ಬರುತ್ತೆ."

"ಬಿಡು ಮಗಾ, ಕೈ ತೆಗಿ."

ಅವಳು ಫೋನನ್ನು ನೆಲದ ಮೇಲಿಟ್ಟು ಎದ್ದುಹೋದಳು.

ಆ ಸಂಜೆಯೇ ಚನ್ನರಾಯಪಟ್ಟಣಕ್ಕೆ ನಾನೇ ಫೋನು ಮಾಡಿ, ಅವರು ತೀರಿಕೊಂಡು ಇಷ್ಟು ದಿನವಾಯಿತು ಎಂದೆ. ಆಫೀಸು ಮುಚ್ಚಿದೆ ಎಂದೂ ಹೇಳಿದೆ.  ಅವಳು, "ಅಯ್ಯೋ ಅಕ್ಕ, ನಾನು ದಿನಾ ಫೋನ್ ಮಾಡ್ಬುಟ್ಟು ನಿಮ್ಗೆಷ್ಟು ಇಂಸೆ ಕೊಟ್ನಲ್ಲ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅರಕಲಗೂಡಿನವರಿಗೂ ಮಾಡಿ, ಹಾಸನಕ್ಕೆ ದೂರು ಕೊಡಲು ಹೋಗುತ್ತೇನೆ, ಬರುತ್ತೀರಾ ಎಂದೆ. "ನೀವೇ ಕರೀತಿದೀರಾ?" ಎಂದು ಎರಡು ಸಲ ಕೇಳಿದರು.

ಪೊಲೀಸರ ಸೈಬರ್ ಸಹಾಯವಾಣಿಗೆ ಅದಕ್ಕೂ ಮೊದಲೇ ಫೋನು ಮಾಡಿದ್ದೆವು. ಕಟ್ಟಿದ ಕೂಡಲೇ ಹೇಳಿದ್ದರೆ ಹಣ ತಡೆಯಲು ಆಗುತ್ತಿತ್ತೇನೋ, ಈಗ ತಡವಾಗಿದೆ, ಆದರೂ ದಾಖಲಿಸಿಕೊಳ್ಳುತ್ತೇವೆ, ಬ್ಯಾಂಕಿನ ಚೀಟಿಗಳನ್ನೂ ಆ ಫೋನನ್ನೂ ತೆಗೆದುಕೊಂಡು ಠಾಣೆಗೆ ಹೋಗಿ ಎಂದು ಹೇಳಿದ್ದರು. ಒಂದು ಮಂಗಳವಾರ ನಾನು, ಮಗಳು ಬಸ್ಸು ಹತ್ತಿದೆವು. ಮೈದುನ ಬರುವುದಿಲ್ಲ ಎಂದಿದ್ದವನು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬೈಕಿನ ಮೇಲೆ ಕೂತಿದ್ದ. ಠಾಣೆಯ ತನಕ ನಮ್ಮ ಆಟೋದ ಹಿಂದೆ ಬಂದ.

ಅರಕಲಗೂಡಿನವರು ಮೊದಲೇ ಬಂದು ಗೇಟಿನಲ್ಲಿ ನಿಂತಿದ್ದರು. ಚನ್ನರಾಯಪಟ್ಟಣದವಳನ್ನು ನಾನು ನೋಡಿದ್ದು ಅಂದೇ ಮೊದಲು. ನನಗಿಂತ ಹತ್ತು ವರ್ಷ ಚಿಕ್ಕವಳು, ತೆಳ್ಳಗೆ, ಕೈತುಂಬ ಅವಳೇ ಮಾರುವ ಬಳೆ. ನನ್ನ ಬರಿಗೈ ನೋಡಿ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮಗಳನ್ನು ಒಬ್ಬ ಹೆಣ್ಣು ಕಾನ್‌ಸ್ಟೇಬಲ್ ಬೇರೆ ಕೋಣೆಗೆ ಕರೆದುಕೊಂಡು ಹೋದರು. ಫೋಟೋಗಳ ವಿಷಯ ಅವಳು ಅಮ್ಮನ ಎದುರು ಹೇಳಲಾರಳು ಎಂದು ಅವರಿಗೇ ಗೊತ್ತಾಗಿತ್ತು. ನಾವು ಮೂವರು ಸಬ್‌ಇನ್ಸ್‌ಪೆಕ್ಟರ ಮುಂದೆ ಕೂತೆವು. ನಾನು ಫೋನನ್ನು ಮೇಜಿನ ಮೇಲಿಟ್ಟೆ. ಬಟ್ಟೆ ಬಿಚ್ಚುವಾಗ ಎರಡು ಅಕ್ಕಿಕಾಳು ಬಿದ್ದವು. ಸಬ್‌ಇನ್ಸ್‌ಪೆಕ್ಟರು ಅವನ್ನು ಬದಿಗೆ ಸರಿಸಿ ಫೋನು ಎತ್ತಿಕೊಂಡರು.

ಅವರು ಬೆರಳಿಂದ ಸರಿಸುತ್ತಾ ಸರಿಸುತ್ತಾ ಓದಿದರು. ಮೇಡಂಳ ಮಾತು, ಐದು ಸಾವಿರದ ಮಾತು, ಫಾರಂ. ಐದು ಸಾವಿರದ ಮಾತು ಬಂದಾಗ ಅರಕಲಗೂಡಿನವರ ಕಡೆಗೆ ತಿರುಗಿದರು.

"ಇವರ ಯಜಮಾನ್ರು ನಿಮ್ಮ ಕೈಯಿಂದ ನೇರವಾಗಿ ದುಡ್ಡು ತಗೊಂಡಿದ್ರಾ?"

"ಇಲ್ಲ ಸಾ."

"ಮತ್ತೆ?"

"ಅವ್ರು ಫ್ಲೆಕ್ಸ್ ಆಕ್ಸ್‌ದೆ ಇದ್ದಿದ್ರೆ ನಾ ಓಗ್ತಿರ್ಲಿಲ್ಲ ಸಾ. ಅದೂ ನಿಜ. ನನ್ ಕೈಯಿಂದ ಒಂದ್ ರೂಪಾಯ್ ಮುಟ್ಲಿಲ್ಲ. ಅದೂ ನಿಜ. ಎಲ್ಡೂ ಬರ್ಕಳಿ." ನನ್ನ ಕಡೆ ನೋಡದೆ ಟವೆಲಿನಿಂದ ಮುಖ ಒರೆಸಿಕೊಂಡರು.

ಸಬ್‌ಇನ್ಸ್‌ಪೆಕ್ಟರು ಮತ್ತೆ ಫೋನಿಗೆ ಬಗ್ಗಿದರು. ನನಗೆ ಗೊತ್ತಿತ್ತು, ಇನ್ನು ಅದೇ ಬರುವುದು ಎಂದು. ಕಾಲು ನೆಲಕ್ಕೆ ಒತ್ತಿ ಕೂತೆ. ಅವರ ಬೆರಳು ನಿಂತಿತು, ಹುಬ್ಬು ಕೂಡಿಸಿದರು, ಆಮೇಲೆ ಪಕ್ಕದಲ್ಲಿ ದೂರು ಬರೆದುಕೊಳ್ಳುತ್ತಿದ್ದ ರೈಟರಿಗೆ ಕೇಳುವಂತೆ ಗಟ್ಟಿಯಾಗಿ ಓದಿದರು.

"ತಾಯಿ ಇನ್ನು ದುಡ್ಡು ಕಟ್ಟಬೇಡಿ. ನಾನು ಹೋಗಿ ನೋಡಿ ಬಂದೆ. ಆಫೀಸು... ಇದು ಹೋಗಿಲ್ಲವಲ್ಲ. ಯಾವಾಗ ಬರೆದದ್ದು?"

"ಗೊತ್ತಿಲ್ಲ ಸಾರ್" ಎಂದೆ. "ಅವರು ಶುಕ್ರವಾರ ಹೋಗಿ ಬಂದಿದ್ರು."

ಚನ್ನರಾಯಪಟ್ಟಣದವಳು ಬೆರಳು ಮಡಿಸಿದಳು. ಶುಕ್ರವಾರ, ಶನಿವಾರ, ಭಾನುವಾರ. ಸೋಮವಾರಕ್ಕೆ ಬಂದು ಆ ಬೆರಳನ್ನು ಹಾಗೇ ಹಿಡಿದುಕೊಂಡು ಕೂತಳು.

"ನೀಲಿ ಗೀಟು ಬಿದ್ದಿತ್ತಕ್ಕ" ಎಂದಳು. ನನಗೆ ಹೇಳಿದ್ದು, ಅವರಿಗಲ್ಲ. "ಕೊನೇದು ಕಟ್ದೆ ಅಂತ ಆಕಿದ್ನಲ್ಲ, ಅಣ್ಣ ನೋಡಿದ್ರು. ನೋಡವ್ರೆ, ಏನೂ ಅಂದಿಲ್ಲ, ಸರಿಯಾಗೇ ಐತೆ ಅಂತ ಸುಮ್ನಾದೆ. ಆ ದುಡ್ಡು ನಮ್ಮತ್ತೆ ಬೆಂಡೋಲೆದು." ಆಮೇಲೆ ಕೇಳಿದಳು. "ಕಳ್ಸಿದ್ರೆ ಏನಾಗ್ತಿತ್ತಕ್ಕ ಅವ್ರಿಗೆ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು. 

ರೈಟರು ಕೈ ನಿಲ್ಲಿಸಿ ಕಾಯುತ್ತಿದ್ದರು. "ಸಾರ್, ಇದನ್ನ ಸೇರಿಸ್ಲಾ?"

ಸಬ್‌ಇನ್ಸ್‌ಪೆಕ್ಟರು ನನ್ನನ್ನು ನೋಡಿದರು. "ನೋಡಿಮ್ಮ, ತೀರಿಕೊಂಡವರ ಮೇಲೆ ಕೇಸು ನಡೆಯೋದಿಲ್ಲ. ಆದ್ರೆ ತನಿಖೆಯಲ್ಲಿ ಹೆಸರು ಬರುತ್ತೆ. ಬರೆದೇ ಇರುತ್ತೆ."

"ಸೇರಿಸಿ" ಎಂದೆ.

ಬರೆದಾದ ಮೇಲೆ ಪೂರ್ತಿ ಓದಿ ಹೇಳಿದರು. ಅವರ ಹೆಸರಿನ ಮುಂದೆ ದಿವಂಗತ ಎಂದಿತ್ತು. ನಾನು ಸಹಿ ಹಾಕಿದೆ, ಅರಕಲಗೂಡಿನವರು ಹಾಕಿದರು, ಚನ್ನರಾಯಪಟ್ಟಣದವಳು ಹಾಕಿದಳು. ಫೋನನ್ನು ಒಂದು ಕವರಿಗೆ ಹಾಕಿ ಅಂಟಿಸಿ ಒಳಗೆ ತೆಗೆದುಕೊಂಡು ಹೋದರು. ಮೇಜು ಖಾಲಿಯಾಯಿತು. ಅಲ್ಲಿಯತನಕ ಅವರದ್ದು ಎಂದು ಏನೋ ಒಂದು ನನ್ನ ಕೈಯಲ್ಲಿತ್ತು.

ಹೊರಗೆ ಬಂದಾಗ ಮಗಳು ಮರದ ಕೆಳಗೆ ಚಿಕ್ಕಪ್ಪನ ಬೈಕಿಗೆ ಒರಗಿ ನಿಂತಿದ್ದಳು. ಮುಖ ಸ್ವಲ್ಪ ತಿಳಿಯಾಗಿತ್ತು. ಫೋಟೋಗಳು ಎಲ್ಲಾದರೂ ಕಂಡರೆ ತೆಗೆಸಲು ದಾರಿಯಿದೆ, ಹೆದರಬೇಡ, ಕಾಲೇಜಿಗೆ ಹೋಗು ಎಂದರಂತೆ. ಮಾರನೆಯ ದಿನ ಹೋದಳು ಕೂಡ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು. ಬಸ್ಸು ಮೊಸಳೆ ಎಂಬ ಊರನ್ನು ದಾಟಿದ ಮೇಲೆ ಕೇಳಿದಳು.

"ಆ ಮೆಸೇಜು ಓದಿದ್ರಾ?"

"ಓದಿದ್ರು."

"ಆ ಆಂಟಿ ಏನಂದ್ರು?"

"ಏನೂ ಅನ್ನಲಿಲ್ಲ" ಎಂದೆ.

ಅವಳು ನಂಬಿದಳು. ನನ್ನ ಭುಜಕ್ಕೆ ತಲೆ ಇಟ್ಟು, ಅಪ್ಪ ಹೋದ ಮೇಲೆ ಮೊದಲನೆಯ ಸಲ, ಬಸ್ಸಿನಲ್ಲೇ ನಿದ್ದೆ ಹೋದಳು.

ಇದಾಗಿ ನಾಲ್ಕು ತಿಂಗಳಾಯಿತು. ಹಣ ಬಂದಿಲ್ಲ. ಬರುವುದಾದರೂ ತುಂಬ ದಿನ ಬೇಕು ಎನ್ನುತ್ತಾರೆ. ಆ ಏಜೆನ್ಸಿಯವರಲ್ಲಿ ಒಬ್ಬನ ಬ್ಯಾಂಕ್ ಖಾತೆ ಸಿಕ್ಕಿದೆಯಂತೆ. ಅರಕಲಗೂಡಿನವರು ಆಗಾಗ ಫೋನು ಮಾಡಿ ಏನಾದರೂ ಗೊತ್ತಾಯಿತಾ ಎಂದು ಕೇಳುತ್ತಾರೆ. ಈಗ ಆ ದನಿಗೆ ನಾನು ಅಷ್ಟು ಹೆದರುವುದಿಲ್ಲ. ಹೆದರಿಕೆ ಬೇರೆ ಕಡೆಗೆ ಹೋಗಿದೆ. ಕೇಸು ಕೋರ್ಟಿಗೆ ಬಂದಾಗ ಮಗಳನ್ನೂ ಸಾಕ್ಷಿಗೆ ಕರೆಯುತ್ತಾರೆ, ಚನ್ನರಾಯಪಟ್ಟಣದವಳನ್ನೂ ಕರೆಯುತ್ತಾರೆ. ಹೆಸರು ಕೂಗುವ ತನಕ ಇಬ್ಬರೂ ಹೊರಗೆ ಒಂದೇ ಬೆಂಚಿನ ಮೇಲೆ ಕೂರಬೇಕು. ಆ ಹೆಂಗಸು ಮಾತಿನವಳು, ಕೆಟ್ಟವಳಲ್ಲ. ಹೊತ್ತು ಹೋಗದೆ, ಕಳಿಸಿದ್ದರೆ ಏನಾಗುತ್ತಿತ್ತು ಎಂದು ನನ್ನನ್ನು ಕೇಳಿದ್ದನ್ನೇ ಮಗಳನ್ನೂ ಕೇಳುತ್ತಾಳೆ. ಅದಕ್ಕೆ ಮುಂಚೆ ನಾನೇ ಮಗಳಿಗೆ ಹೇಳಬೇಕು. ಬೆಳಿಗ್ಗೆ ಅವಳಿಗೆ ಜಡೆ ಹಾಕುವಾಗ ದಿನಾ ಹೇಳೋಣ ಎಂದುಕೊಳ್ಳುತ್ತೇನೆ. ಜಡೆ ಮುಗಿಯುತ್ತದೆ, ಬಸ್ಸಿಗೆ ಹೊತ್ತಾಗುತ್ತದೆ.